ಬಲಗೈಯ ಪಿಸ್ತೂಲು, ಎಡಗೈಯ ಹುಡುಗಿ

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಹೋದ ತಿಂಗಳ ಫೋನ್-ಇನ್ ನಿಮಗೆ ನೆನಪಿರಬಹುದು. 'ಮಕ್ಕಳ ರಜೆ, ಮಕ್ಕಳ ಹವ್ಯಾಸ' ಅಂತ ವಿಷಯ ಇಟ್ಟಿದ್ದೆವು. ಭರತನಾಟ್ಯ, ಈಜು, ಚೆಸ್ಸು, ಕೀಬೋರ್ಡು ಎಲ್ಲ ಬಂದು ಹೋದ ಮೇಲೆ, ಇನ್ನೇನು ಕಾರ್ಯಕ್ರಮ ಮುಗಿಯಬೇಕು ಅನ್ನುವಾಗ ಫರೀದಾಬಾದಿನಿಂದ ಒಬ್ಬ ತಾಯಿ ಕರೆ ಮಾಡಿದರು. ಮೂಲ ಊರು ಹಾವೇರಿ ಕಡೆ. ಅವರ 13 ವರ್ಷದ ಮಗಳು ಏರ್ ಪಿಸ್ತೂಲ್ ಶೂಟಿಂಗ್ ತರಬೇತಿಗೆ ಸೇರಿದ್ದಾಳೆ. ಹುಡುಗಿ ಎಡಚಿ. ಬರೆಯುವುದು, ಚೆಂಡು ಎಸೆಯುವುದು, ಬಾಗಿಲು ತೆರೆಯುವುದು, ಎಲ್ಲ ಎಡಗೈಯಲ್ಲೇ. ತರಬೇತಿ ಕೇಂದ್ರದಲ್ಲಿರುವ ಪಿಸ್ತೂಲುಗಳೋ, ಎಲ್ಲ ಬಲಗೈಯವು. "ಬಲಗೈಯಲ್ಲೇ ಕಲಿಯಲಿ, ಆರು ತಿಂಗಳಲ್ಲಿ ರೂಢಿ ಆಗುತ್ತೆ" ಅಂದರಂತೆ ಅಲ್ಲಿಯವರು. "ಏನ್ ಮಾಡ್ಲಿ ಸರ್? ಬಿಡಿಸಿಬಿಡ್ಲಾ, ಇಲ್ಲಾ ಕೈ ಬದಲಿಸ್ಲಾ?" ಅಂತ ಆ ತಾಯಿ ಕೇಳಿದರು.

ಗಾಜಿನ ಆಚೆಯಿಂದ ನಮ್ಮ ತಂತ್ರಜ್ಞರು ಬೆರಳು ತೋರಿಸುತ್ತಿದ್ದರು, ಉಳಿದದ್ದು 40 ಸೆಕೆಂಡು. ನನಗೆ ಬಂದೂಕಿನ ಬಗ್ಗೆ ಗೊತ್ತಿದ್ದದ್ದು ಜಾತ್ರೆಯಲ್ಲಿ ಬಲೂನು ಹೊಡೆದ ಅನುಭವ ಅಷ್ಟೇ. "ಮುಂದಿನ ಸಲ ಖಂಡಿತ ಹೇಳುತ್ತೇನೆ" ಎಂದು ಹಾಡು ಹಾಕಿಬಿಟ್ಟೆ. ಆ ಮಾತು ಉಳಿಸಿಕೊಳ್ಳಲು ಈ ಒಂದು ತಿಂಗಳು ಓದಿದ್ದು, ಕೇಳಿದ್ದು, ನೋಡಿದ್ದು ಇವತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಇಷ್ಟು ಆಸಕ್ತಿ ಯಾಕೆ ಅಂದರೆ, ನಾನೂ ಹುಟ್ಟು ಎಡಚ. ಧಾರವಾಡದ ಕಡೆಯವರ ಬಾಯಲ್ಲಿ 'ರೊಡ್ಡ'. ಎರಡನೇ ತರಗತಿಯಲ್ಲಿ ಮೇಷ್ಟ್ರು ಸ್ಕೇಲು ಹಿಡಿದು ನನ್ನ ಕೈ ಬದಲಿಸಿದರು. ಈಗ ಬಲಗೈಯಲ್ಲೇ ಬರೆಯುತ್ತೇನೆ. ಆದರೆ ನಾನೇ ಬರೆದ ಕ್ಯೂ ಶೀಟು ಮೈಕಿನ ಮುಂದೆ ನನಗೇ ಓದಲು ಬರದೆ ತಡವರಿಸುವುದನ್ನು ನೀವು ಎಷ್ಟೋ ಸಲ ಕೇಳಿದ್ದೀರಿ! ಇರಲಿ, ವಿಷಯಕ್ಕೆ ಬರೋಣ.

ನೂರು ಜನರಲ್ಲಿ ಸುಮಾರು ಹತ್ತು ಮಂದಿ ಎಡಚರು. ಇದು ಯಾವ ದೇಶಕ್ಕೆ ಹೋದರೂ ಹೆಚ್ಚುಕಡಿಮೆ ಹೀಗೇ. ಕತ್ತರಿ, ಶಾಲೆಯ ಕೈಮರದ ಕುರ್ಚಿ, ಬೈಕಿನ ಆಕ್ಸಿಲರೇಟರು ಎಲ್ಲವೂ ಬಲಗೈಯವರಿಗಾಗಿ ಹುಟ್ಟಿದವು. ಪಿಸ್ತೂಲೂ ಹಾಗೆಯೇ. ಆದರೆ ಅದು ಹಾಗೇಕೆ ಆಯಿತು ಅನ್ನುವುದಕ್ಕೆ ಒಂದು ಕಥೆಯಿದೆ.

ಒಂದು ಪಿಸ್ತೂಲನ್ನು ಮನಸ್ಸಿನಲ್ಲೇ ಬಲಗೈಯಲ್ಲಿ ಹಿಡಿದುಕೊಳ್ಳಿ. ನಿಮ್ಮ ತೋರುಬೆರಳು ಪಿಸ್ತೂಲಿನ ಬಲಮಗ್ಗುಲಲ್ಲಿ ಚಾಚಿಕೊಂಡಿದೆ, ಹೆಬ್ಬೆರಳು ಎಡಮಗ್ಗುಲಲ್ಲಿ ಬಂದು ಕೂತಿದೆ. ಕೆಲಸವಿಲ್ಲದೆ ಖಾಲಿ ಇರುವುದು ಆ ಹೆಬ್ಬೆರಳೇ. ಹಾಗಾಗಿ ಪಿಸ್ತೂಲು ಮಾಡುವವರು ಬೇಕಾದ ಗುಂಡಿ, ಸನ್ನೆಗಳನ್ನೆಲ್ಲ ಎಡಮಗ್ಗುಲಲ್ಲಿ ಜೋಡಿಸಿದರು. ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಸನ್ನೆ, ಎಡಕ್ಕೆ. ಮ್ಯಾಗಜಿನ್ (ಓದುವ ಮ್ಯಾಗಜಿನ್ ಅಲ್ಲ, ಗುಂಡು ತುಂಬಿದ ಡಬ್ಬಿ) ಕಳಚುವ ಗುಂಡಿ ಎಡಕ್ಕೆ. ಹಿಂದೆ ಸರಿದು ನಿಂತ ಸ್ಲೈಡನ್ನು ಬಿಡುಗಡೆ ಮಾಡುವ ಸನ್ನೆ, ಅದೂ ಎಡಕ್ಕೆ. ಖಾಲಿ ಕೊಪ್ಪರಿಗೆಗಳು ಮಾತ್ರ ಬಲಕ್ಕೆ ಹಾರುತ್ತವೆ. ಈಗ ಅದೇ ಪಿಸ್ತೂಲನ್ನು ಎಡಗೈಗೆ ಕೊಡಿ. ಹೆಬ್ಬೆರಳು ಬಲಮಗ್ಗುಲಿಗೆ ಹೋಯಿತು, ಅಲ್ಲಿ ಒತ್ತಲು ಏನೂ ಇಲ್ಲ, ಬರೀ ಉಕ್ಕಿನ ಗೋಡೆ.

ಈ ವ್ಯವಸ್ಥೆಗೆ ಗಟ್ಟಿ ಅಚ್ಚು ಹಾಕಿದ್ದು ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಕೋಲ್ಟ್ ಪಿಸ್ತೂಲು. 1911ರಲ್ಲಿ ಅಲ್ಲಿನ ಸೈನ್ಯ ಅದನ್ನು ಒಪ್ಪಿಕೊಂಡಿತು, ಆ ವರ್ಷವೇ ಅದರ ಹೆಸರೂ ಆಯಿತು. ಹೆಬ್ಬೆರಳಿನ ಸೇಫ್ಟಿ ಅದರ ಮೊದಲಿನ ಮಾದರಿಗಳಲ್ಲಿ ಇರಲಿಲ್ಲ. ಬೇಕು ಅಂದವರು ಅಶ್ವದಳದವರು. ನಮ್ಮಲ್ಲಿ ಬಂದೂಕಿನ ಟ್ರಿಗರಿಗೂ 'ಕುದುರೆ' ಅನ್ನುತ್ತೇವೆ, ಇಲ್ಲಿ ನಾನು ಹೇಳುತ್ತಿರುವುದು ನಿಜವಾದ ಕುದುರೆ! ಸವಾರನ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು. ಕುದುರೆ ಬೆದರಿ ಎಗರಿದಾಗ ಅದೇ ಒಂದು ಕೈಯಿಂದ ಪಿಸ್ತೂಲನ್ನು ಸುರಕ್ಷಿತ ಮಾಡಿಕೊಳ್ಳಬೇಕು. ಅದಕ್ಕೆ ಹೆಬ್ಬೆರಳ ಕೆಳಗೆ ಒಂದು ಸನ್ನೆ. ಯಾವ ಕೈಯ ಹೆಬ್ಬೆರಳು? ಆ ಕಾಲದ ಸೈನ್ಯದಲ್ಲಿ ಬಲಗೈ ಬಿಟ್ಟು ಇನ್ನೊಂದು ಕೈ ಇದೆ ಅಂತ ಯಾರೂ ಯೋಚಿಸುತ್ತಿರಲಿಲ್ಲ. ಕುದುರೆಗಳು ಯುದ್ಧಭೂಮಿಯಿಂದ ಹೋದವು, ಸನ್ನೆ ಮಾತ್ರ ಎಡಮಗ್ಗುಲಲ್ಲೇ ಉಳಿಯಿತು.

ಅದೇ ಪಿಸ್ತೂಲಿನ ಹಿಡಿಕೆಯ ಹಿಂಭಾಗದಲ್ಲಿ ಇನ್ನೊಂದು ಸೇಫ್ಟಿ ಇದೆ, ಅಂಗೈಯಿಂದ ಅದುಮಿದರೆ ಮಾತ್ರ ಬಿಡುವಂಥದ್ದು. ಅದಕ್ಕೆ ಎಡ-ಬಲದ ಭೇದವಿಲ್ಲ, ಯಾವ ಅಂಗೈಯಾದರೂ ಸರಿ. ಬೇಕೆಂದರೆ ಎರಡೂ ಕೈಗೆ ಒಗ್ಗುವಂತೆ ಮಾಡುವುದು 1911ರಲ್ಲೇ ಸಾಧ್ಯವಿತ್ತು ಅನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ರಿವಾಲ್ವರಿನ ಕಥೆ ಸ್ವಲ್ಪ ತಮಾಷೆಯದು. ಕೋಲ್ಟ್ ಕಂಪನಿಯ 1873ರ ಪ್ರಸಿದ್ಧ ರಿವಾಲ್ವರ್, ಅದೇ ಕೌಬಾಯ್ ಸಿನಿಮಾಗಳಲ್ಲಿ ನೀವು ನೋಡಿದ್ದು, ಅದರಲ್ಲಿ ಗುಂಡು ತುಂಬುವ ಕಿಂಡಿ ಬಲಮಗ್ಗುಲಲ್ಲಿದೆ. ಎಡಗೈಯಲ್ಲಿ ಹಿಡಿದವನು ಹಾಗೇ ಹಿಡಿದುಕೊಂಡು ಬಲಗೈಯಿಂದ ಗುಂಡು ತುಂಬಬಹುದು, ಬಲಗೈಯವನು ಮಾತ್ರ ಕೈ ಬದಲಾಯಿಸಬೇಕು. ಸ್ಯಾಮ್ಯುಯೆಲ್ ಕೋಲ್ಟ್ ಎಡಚನಾಗಿದ್ದ, ಅದಕ್ಕೇ ಹೀಗೆ ಅಂತ ಒಂದು ಕಥೆ ಓಡಾಡುತ್ತದೆ. ಪಾಪ, ಆತ ತೀರಿಕೊಂಡದ್ದು 1862ರಲ್ಲಿ. ಸತ್ತು 11 ವರ್ಷದ ಮೇಲೆ ಬಂದ ಬಂದೂಕಿಗೆ ಅವನ ಎಡಗೈ ಹೇಗೆ ಕಾರಣವಾದೀತು! ನಂತರ ಬಂದ, ಸಿಲಿಂಡರು ಹೊರಗೆ ತಿರುಗುವ ರಿವಾಲ್ವರುಗಳು ಮತ್ತೆ ಬಲಗೈಯವರ ಪಾಲಾದವು. ಬೀಗ ಎಡಕ್ಕೆ, ಸಿಲಿಂಡರು ತೆರೆದುಕೊಳ್ಳುವುದೂ ಎಡಕ್ಕೆ.

ನಮ್ಮ ದೇಶಕ್ಕೂ ಈ ಬಳುವಳಿ ಬಂದಿದೆ. ಅದೇ ಬ್ರೌನಿಂಗ್ ಆರಂಭಿಸಿ, 1926ರಲ್ಲಿ ಆತ ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ದ್ಯೂದೊನೆ ಸೈವ್ ಪೂರ್ತಿಗೊಳಿಸಿದ ಪಿಸ್ತೂಲು 'ಹೈ ಪವರ್', 1935ರದು. ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ, ನಮ್ಮ ಸೈನಿಕರ ಸೊಂಟದಲ್ಲಿ ನೀವು ನೋಡಿರುವ 9 ಮಿ.ಮೀ. ಪಿಸ್ತೂಲು ಅದರದೇ ಸಂತತಿ. ಅದರ ಸೇಫ್ಟಿಯೂ ಎಡಮಗ್ಗುಲಲ್ಲೇ.

ಹಾಗಾದರೆ ಎಡಚರು ಇಷ್ಟು ವರ್ಷ ಏನು ಮಾಡುತ್ತಿದ್ದರು? ನಾವು ಎಡಚರು ಎಲ್ಲ ಕಡೆ ಮಾಡುವುದನ್ನೇ ಮಾಡಿದರು, ಸುಧಾರಿಸಿಕೊಂಡರು. ನೋಡಿ, ಎಡಗೈಯಲ್ಲಿ ಹಿಡಿದಾಗ ತೋರುಬೆರಳು ಎಡಮಗ್ಗುಲಿಗೆ ಬರುತ್ತದಲ್ಲ? ಮ್ಯಾಗಜಿನ್ ಗುಂಡಿಯನ್ನು ಅದೇ ಬೆರಳಿಂದ ಒತ್ತಿದರು. ಇದರಲ್ಲಿ ಒಂದು ಲಾಭವೂ ಇದೆ. ಮ್ಯಾಗಜಿನ್ ಬದಲಿಸುವಾಗ ಬೆರಳು ಟ್ರಿಗರಿನಿಂದ ದೂರ ಇರಬೇಕು ಅನ್ನುವುದು ಮೊದಲ ಪಾಠ, ಎಡಚರಿಗೆ ಅದು ತಾನಾಗಿಯೇ ಆಗುತ್ತದೆ. ಸ್ಲೈಡಿನ ಸನ್ನೆಗೂ ಇದೇ ಉಪಾಯ. ಎಷ್ಟೋ ಎಡಚರು ಬಲಗೈಯವರಿಗಿಂತ ಚುರುಕಾಗಿ ಈ ಎರಡು ಕೆಲಸ ಮಾಡುತ್ತಾರಂತೆ. ಆದರೆ ಸೇಫ್ಟಿಯ ವಿಷಯದಲ್ಲಿ ಈ ಸುಧಾರಣೆ ನಡೆಯುವುದಿಲ್ಲ. ಅದಕ್ಕೆ ಹಿಡಿತ ಸಡಿಲಿಸಬೇಕು, ಇಲ್ಲವೇ ಇನ್ನೊಂದು ಕೈ ತರಬೇಕು. ಸುರಕ್ಷತೆಗೆಂದು ಇಟ್ಟ ಸನ್ನೆಯನ್ನು ಮುಟ್ಟಲು ಹಿಡಿತವನ್ನೇ ಸಡಿಲಿಸಬೇಕಾದರೆ ಅದು ಎಂಥ ಸುರಕ್ಷತೆ, ನೀವೇ ಹೇಳಿ.

ಆದ್ದರಿಂದ ಮೊದಲು ಬದಲಾದದ್ದು ಸೇಫ್ಟಿಯೇ. ಅಮೆರಿಕದ ಆರ್ಮಂಡ್ ಸ್ವೆನ್ಸನ್ ಎಂಬ ಹೆಸರಾಂತ ಬಂದೂಕು ಕುಶಲಕರ್ಮಿ 1911 ಪಿಸ್ತೂಲಿಗೆ ಎರಡೂ ಮಗ್ಗುಲಿಗೆ ಸನ್ನೆಯಿರುವ ಸೇಫ್ಟಿ ಮಾಡಿದರು. ಎಡದ ಸನ್ನೆ ಮೊದಲಿನಂತೆಯೇ, ಬಲಕ್ಕೆ ಹೊಸದೊಂದು, ಎರಡೂ ಪಿಸ್ತೂಲಿನ ಒಡಲೊಳಗೆ ನಾಲಿಗೆ-ಗಾಡಿಯಂತೆ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಒಂದನ್ನು ಅದುಮಿದರೆ ಎರಡೂ ತಿರುಗುತ್ತವೆ. ಕೇಳಲು ಸರಳ, ಆದರೆ ಆ ಕೂಡುವ ಜಾಗವೇ ಬಲಹೀನ. ಅಳತೆ ಚೂರು ತಪ್ಪಿದರೂ ಬಲದ ಸನ್ನೆ ಸಡಿಲವಾಗಿ ಅಲುಗಾಡುತ್ತದೆ. ಹೊರಗೆ ಚಾಚಿದ ಹೆಚ್ಚುವರಿ ಸನ್ನೆ ಸೊಂಟದ ಚೀಲಕ್ಕೋ ಮೈಗೋ ಉಜ್ಜಿ ತನ್ನಷ್ಟಕ್ಕೆ ಕೆಳಗಿಳಿಯುವ ಅಪಾಯವೂ ಇದೆ. ಇದು ಮನೆಯ ಅರ ಹಿಡಿದು ಕೂತು ಮಾಡುವ ಕೆಲಸವಲ್ಲ, ಪರವಾನಗಿ ಇರುವ ಬಂದೂಕು ದುರಸ್ತಿಗಾರರೇ ಮಾಡಬೇಕಾದದ್ದು. ಈ ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ.

ಸೈನ್ಯಗಳು ಎಚ್ಚರಗೊಂಡದ್ದು ತಡವಾಗಿ. 1985ರಲ್ಲಿ ಅಮೆರಿಕದ ಸೈನ್ಯ 1911ಕ್ಕೆ ವಿದಾಯ ಹೇಳಿ ಇಟಲಿಯ ಬೆರೆಟ್ಟಾ ಪಿಸ್ತೂಲನ್ನು 'ಎಂ9' ಹೆಸರಿನಲ್ಲಿ ತೆಗೆದುಕೊಂಡಿತು. ಅದರ ಸ್ಲೈಡಿನ ಎರಡೂ ಮಗ್ಗುಲಲ್ಲಿ ಸೇಫ್ಟಿ ಇತ್ತು, ಮ್ಯಾಗಜಿನ್ ಗುಂಡಿಯನ್ನು ಬಲಕ್ಕೆ ತಿರುಗಿಸಿ ಕೂರಿಸಬಹುದಿತ್ತು. 1911ರಿಂದ 1985, ಲೆಕ್ಕ ಹಾಕಿ, 74 ವರ್ಷ. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲ ಮುಗಿದವು, ಎಡಗೈಯ ಹೆಬ್ಬೆರಳಿಗೆ ಒಂದು ಸನ್ನೆ ಸಿಗಲು.

ಆಮೇಲೆ ದಾರಿಗಳು ಎರಡಾದವು. ಒಂದು, ಎರಡೂ ಕಡೆ ಸನ್ನೆ ಇಡುವುದು. ಇನ್ನೊಂದು, ಒಂದೇ ಸನ್ನೆ ಇಟ್ಟು ಬೇಕಾದ ಕಡೆಗೆ ಬದಲಿಸಲು ಬಿಡುವುದು. 1993ರಲ್ಲಿ ಬಂದ ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿಯ 'ಯುಎಸ್‌ಪಿ' ಎರಡನ್ನೂ ಬೆರೆಸಿತು. ಅದರ ಮ್ಯಾಗಜಿನ್ ಸನ್ನೆ ಟ್ರಿಗರ್ ಕಾವಲಿನ ಹಿಂದೆ ಎರಡೂ ಕಡೆಯಿಂದ ಒತ್ತುವಂಥದ್ದು, ಸೇಫ್ಟಿಯ ಸನ್ನೆಯನ್ನು ಎಡಚರಿಗಾಗಿ ಬಲಮಗ್ಗುಲಿಗೆ ಹಾಕಿಸಿಕೊಳ್ಳಬಹುದು. ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲು ಹೆಬ್ಬೆರಳಿನ ಸೇಫ್ಟಿಯನ್ನೇ ಕೈಬಿಟ್ಟು ತಡೆಯನ್ನು ಟ್ರಿಗರಿನಲ್ಲೇ ಇಟ್ಟಿದ್ದರಿಂದ ಆ ಜಗಳವೇ ಅಲ್ಲಿಲ್ಲ. ಆದರೆ ಮ್ಯಾಗಜಿನ್ ಗುಂಡಿ ಬದಲಿಸುವ ಅನುಕೂಲ ಅದರಲ್ಲಿ ಬಂದದ್ದು 2010ರ ನಾಲ್ಕನೇ ಪೀಳಿಗೆಯಲ್ಲಿ. ಅದರಲ್ಲೂ ಒಂದು ಗಂಟು ಇದೆ. ಗುಂಡಿಯನ್ನು ಬಲಕ್ಕೆ ಹಾಕಿದರೆ ಹಳೆಯ ಮ್ಯಾಗಜಿನ್ನುಗಳು ಕಚ್ಚಿಕೊಳ್ಳುವುದಿಲ್ಲ, ಅವುಗಳಿಗೆ ಗಾಡಿ ಕೊರೆದಿರುವುದು ಒಂದೇ ಪಕ್ಕ. 2017ರಲ್ಲಿ ಅಮೆರಿಕದ ಸೈನ್ಯ ಬೆರೆಟ್ಟಾ ಬದಲಿಗೆ ಆರಿಸಿಕೊಂಡ ಸಿಗ್ ಸೌಅರ್ ಪಿಸ್ತೂಲಿನಲ್ಲಂತೂ ಸೇಫ್ಟಿ, ಸ್ಲೈಡಿನ ಸನ್ನೆ ಎರಡೂ ಎರಡೂ ಕಡೆಗೆ ಇವೆ.

ನನ್ನ ಅಭಿಪ್ರಾಯ ಕೇಳಿದರೆ, ಬದಲಿಸಲು ಬರುವುದಕ್ಕಿಂತ ಎರಡೂ ಕಡೆ ಇರುವುದೇ ಒಳ್ಳೆಯದು. ಒಂದೇ ಪಿಸ್ತೂಲನ್ನು ಹತ್ತು ಜನ ಬಳಸುವ ಠಾಣೆಯಲ್ಲೋ ಕ್ಲಬ್ಬಿನಲ್ಲೋ ಒಬ್ಬ ಎಡಚನಿಗಾಗಿ ದಿನಾ ಸ್ಕ್ರೂ ಬಿಚ್ಚುವವರು ಯಾರು? ಬದಲಿಸಬಹುದು ಅನ್ನುವುದು ಕೈಪಿಡಿಯಲ್ಲಿ ಉಳಿಯುತ್ತದೆ, ಎಡಚ ಮತ್ತೆ ಸುಧಾರಿಸಿಕೊಳ್ಳುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಸೈನ್ಯ, ಪೊಲೀಸರ ಪಿಸ್ತೂಲು. ಆ ಫರೀದಾಬಾದಿನ ಹುಡುಗಿಯ ಕೈಯಲ್ಲಿರುವುದು ಬೇರೆ ವಸ್ತು. ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯದು. ಗಾಳಿಯ ಒತ್ತಡದಿಂದ 4.5 ಮಿ.ಮೀ. ಸೀಸದ ಗುಂಡು ಹಾರಿಸುವಂಥದ್ದು. ಒಂದು ಗುಂಡು ಹಾಕು, ಹೊಡೆ, ಮತ್ತೊಂದು ಹಾಕು, ಅಷ್ಟೇ. ಅವಸರದಲ್ಲಿ ಮ್ಯಾಗಜಿನ್ ಕಳಚುವುದಿಲ್ಲ. ಸನ್ನೆಗಳ ಗಲಾಟೆ ಇಲ್ಲಿ ಬಹಳ ಕಡಿಮೆ. ಇಲ್ಲಿ ಎಲ್ಲ ಇರುವುದು ಹಿಡಿಕೆಯಲ್ಲಿ.

ಈ ಹಿಡಿಕೆಯನ್ನು ಹತ್ತಿರದಿಂದ ನೋಡಿದಾಗ ನಾನು ಬೆರಗಾದೆ. ಮಾಮೂಲು ಪಿಸ್ತೂಲಿನ ಹಾಗೆ ಚಪ್ಪಟೆ ಅಲ್ಲ. ಆಕ್ರೋಟ್ ಮರದಲ್ಲಿ ಕೆತ್ತಿದ, ಯಾರೋ ಹಸಿ ಜೇಡಿಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟ ಹಾಗಿರುವ ಆಕಾರ. ಅಂಗೈಯ ಗುಳಿಗೆ ಸರಿಯಾಗಿ ಒಂದು ಉಬ್ಬು, ಹೆಬ್ಬೆರಳಿಗೆ ಒಂದು ಮೆಟ್ಟಿಲು, ಮೂರು ಬೆರಳಿಗೆ ಮೂರು ಹಾದಿ, ಅಂಗೈಯ ಕೆಳ ಅಂಚಿಗೆ ಮೇಲೆ-ಕೆಳಗೆ ಸರಿಸಬಹುದಾದ ಒಂದು ಹಲಗೆ. ಮಣಿಕಟ್ಟಿಗೆ ಮಾತ್ರ ಆಸರೆ ಕೊಡುವಂತಿಲ್ಲ, ಅದು ನಿಯಮ. ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಹಿಡಿಯಬೇಕು, ತೂಕ ಒಂದೂವರೆ ಕಿಲೋ ಮೀರಬಾರದು, ಟ್ರಿಗರು ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಹಿಡಿಯುವುದು ಒಂದೇ ಕೈಯಲ್ಲಿ. 10 ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ಅಂದರೆ ಒಂದು ಸಣ್ಣ ಅಂಗಿ ಗುಂಡಿಯಷ್ಟು.

ಇಂಥ ಹಿಡಿಕೆಯನ್ನು ತಪ್ಪು ಕೈಯಲ್ಲಿ ಹಿಡಿದರೆ ಏನಾಗುತ್ತದೆ? ಬಲಗಾಲಿನ ಚಪ್ಪಲಿಗೆ ಎಡಗಾಲು ತೂರಿಸಿದಂತೆ. ಅಂಗೈಯ ಉಬ್ಬು ಬೆರಳ ಕೆಳಗೆ ಬರುತ್ತದೆ, ಹೆಬ್ಬೆರಳ ಮೆಟ್ಟಿಲು ಇರಬಾರದ ಕಡೆ ಇರುತ್ತದೆ. ನಾನು ಹಿಡಿದು ನೋಡಿದೆ, ಅರ್ಧ ನಿಮಿಷಕ್ಕೆ ಕೈ ನಡುಗಿತು. ಆದ್ದರಿಂದ ಬಲಗೈಯ ಹಿಡಿಕೆ ಇರುವ ಪಿಸ್ತೂಲಿನಲ್ಲಿ ಎಡಗೈಯಲ್ಲಿ ಕಲಿಯುವ ಪ್ರಶ್ನೆಯೇ ಇಲ್ಲ, ಆ ಮಾತಿನ ಮಟ್ಟಿಗೆ ತರಬೇತಿ ಕೇಂದ್ರದವರು ಹೇಳಿದ್ದು ಸರಿ. ಆದರೆ ಅವರು ಹೇಳದೆ ಬಿಟ್ಟದ್ದು ಒಂದಿದೆ. ಈ ಹಿಡಿಕೆ ಪಿಸ್ತೂಲಿನಿಂದ ಬಿಚ್ಚಿ ಬರುತ್ತದೆ! ಮೋರಿನಿ, ಸ್ಟೈಯರ್, ವಾಲ್ಥರ್, ಫೈನ್‌ವೆರ್ಕ್‌ಬೌ, ಹೀಗೆ ಸ್ಪರ್ಧೆಯ ಏರ್ ಪಿಸ್ತೂಲು ಮಾಡುವ ಹೆಸರಾಂತ ಕಂಪನಿಗಳೆಲ್ಲ ಎಡಗೈ ಹಿಡಿಕೆಯನ್ನೂ ಮಾಡುತ್ತವೆ, ಸಣ್ಣ ಕೈ, ದೊಡ್ಡ ಕೈ ಅಂತ ಅಳತೆವಾರು. ಚೂರುಪಾರು ವ್ಯತ್ಯಾಸಕ್ಕೆ ಮರದ ಲಪ್ಪ ಮೆತ್ತಿ, ಉಪ್ಪುಕಾಗದದಿಂದ ಉಜ್ಜಿ ತಮ್ಮ ಕೈಗೆ ಹೊಂದಿಸಿಕೊಳ್ಳುವುದು ಬಲಗೈಯ ಶೂಟರುಗಳೂ ದಿನಾ ಮಾಡುವ ಕೆಲಸ. ಕೊಳ್ಳುವ ಮುಂಚೆ ಇನ್ನೊಂದು ನೋಡಿಕೊಳ್ಳಿ. ಗುಂಡು ಹಾಕಲು ತೆರೆಯುವ ಸನ್ನೆ ಯಾವ ಕಡೆಗಿದೆ? ಎಡಚಿಯಾದವಳು ಅದನ್ನು ಬಲಗೈಯಿಂದ ಎಳೆಯಬೇಕು. ಎರಡೂ ಕೈಗೆ ಸಿಗುವ ಮಾದರಿ ಆದರೆ ಒಳ್ಳೆಯದು.

ಈಗ ಕಣ್ಣಿನ ವಿಷಯ. ನಮಗೆ ಒಂದು ಕೈ ಮುಖ್ಯವಾದಂತೆ ಒಂದು ಕಣ್ಣೂ ಮುಖ್ಯ. ಇದನ್ನು ಕೇಳುತ್ತಲೇ ನೀವು ಪರೀಕ್ಷೆ ಮಾಡಿಕೊಳ್ಳಬಹುದು, ಅಡುಗೆಮನೆಯಲ್ಲಿದ್ದರೆ ಮೊದಲು ಒಲೆ ಸಣ್ಣ ಮಾಡಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳನ್ನು ಕೂಡಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಎಡಚರೆಲ್ಲರಿಗೂ ಎಡಗಣ್ಣೇ ಮುಖ್ಯ ಆಗಿರಬೇಕೆಂದಿಲ್ಲ. ಕೆಲವು ತರಬೇತುದಾರರು "ಹುಡುಗಿಗೆ ಬಲಗಣ್ಣು ಮುಖ್ಯ, ಅದಕ್ಕೇ ಬಲಗೈ" ಅನ್ನುವುದುಂಟು. ರೈಫಲ್ಲಿನಲ್ಲಿ ಈ ವಾದಕ್ಕೆ ತೂಕವಿದೆ, ಅಲ್ಲಿ ಕೆನ್ನೆಗೆ ಒತ್ತಿಕೊಂಡ ಕಡೆಯ ಕಣ್ಣೇ ನೋಡಬೇಕು. ಪಿಸ್ತೂಲಿನಲ್ಲಿ ಹಾಗಲ್ಲ. ಅದು ಚಾಚಿದ ಕೈಯ ತುದಿಯಲ್ಲಿರುತ್ತದೆ, ತಲೆಯನ್ನು ಒಂದಿಷ್ಟು ತಿರುಗಿಸಿದರೆ ಇನ್ನೊಂದು ಕಣ್ಣಿಗೂ ಸಿಗುತ್ತದೆ. ಗುರಿಯಿಡದ ಕಣ್ಣಿನ ಮುಂದೆ 30 ಮಿ.ಮೀ. ಅಗಲದವರೆಗೆ ಮರೆ ಕಟ್ಟಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಕಣ್ಣಿಗಾಗಿ ಕೈ ಬದಲಿಸುವ ಮುಂಚೆ ಇದಿಷ್ಟನ್ನು ಮಾಡಿ ನೋಡಲಿ.

ಇಷ್ಟೆಲ್ಲ ತಿಳಿದುಕೊಂಡು ಆ ತಾಯಿಗೆ ಫೋನು ಮಾಡಿದೆ. ಅವರು ನಿಟ್ಟುಸಿರಿಟ್ಟು, "ಅಲ್ಲಿ ಹಂಗೇರಿಯವನ ಕಥೆ ಹೇಳ್ತಾರೆ ಸರ್. ಒಂದು ಕೈ ಹೋದ್ರೂ ಇನ್ನೊಂದ್ರಲ್ಲಿ ಕಲಿತು ಒಲಿಂಪಿಕ್ಸ್ ಗೆದ್ದ, ನಿನಗೇನು ಧಾಡಿ ಅಂತ" ಅಂದರು. ಶೂಟಿಂಗ್ ಲೋಕದಲ್ಲಿ ಈ ಕಥೆ ಗೊತ್ತಿಲ್ಲದವರಿಲ್ಲ. ನಿಜವಾದ ಕಥೆಯೇ, ಆದರೆ ಪೂರ್ತಿ ಕೇಳಬೇಕು.

ಆತನ ಹೆಸರು ಕಾರೊಯ್ ತಕಾಚ್. 1910ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವ. ಹಂಗೇರಿಯ ಸೈನ್ಯದಲ್ಲಿ ಸಾರ್ಜೆಂಟ್. 1936ರ ಹೊತ್ತಿಗೇ ಬಲಗೈಯಲ್ಲಿ ದೊಡ್ಡ ಗುರಿಕಾರ. ಆದರೆ ಒಲಿಂಪಿಕ್ಸಿಗೆ ಅಧಿಕಾರಿ ದರ್ಜೆಯವರನ್ನು ಮಾತ್ರ ಕಳಿಸುವುದು ಅಂತ ಆ ಸಲ ಅವನನ್ನು ಬಿಟ್ಟರು. 1938ರಲ್ಲಿ ಸೈನಿಕ ತರಬೇತಿಯ ವೇಳೆ ದೋಷವಿದ್ದ ಕೈಬಾಂಬೊಂದು ಬಲಗೈಯಲ್ಲೇ ಸಿಡಿಯಿತು. ಆಸ್ಪತ್ರೆಯಿಂದ ಬಂದವನು ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಶುರು ಮಾಡಿದ. 1939ರಲ್ಲಿ ರಾಷ್ಟ್ರೀಯ ಸ್ಪರ್ಧೆಗೆ ಬಂದಾಗ ಗೆಳೆಯರು, ಪಾಪ ನೋಡಿಹೋಗಲು ಬಂದಿದ್ದಾನೆ ಅಂದುಕೊಂಡರಂತೆ. ಅವನು ಗೆದ್ದ. ಆಮೇಲೆ ಯುದ್ಧ. 1940ರ ಒಲಿಂಪಿಕ್ಸೂ ಇಲ್ಲ, 1944ರದೂ ಇಲ್ಲ. 1948ರ ಲಂಡನ್ನಿಗೆ ಹೋದಾಗ ವಯಸ್ಸು 38. ಆಗಿನ ವಿಶ್ವ ಚಾಂಪಿಯನ್, ಅರ್ಜೆಂಟೀನಾದ ದಿಯಾಸ್ ಸಾಯೆನ್ಸ್ ವಾಲಿಯೆಂತೆ, ನೀವೇಕೆ ಬಂದಿರಿ ಎಂದು ಕೇಳಿದ್ದಕ್ಕೆ, ಕಲಿಯಲು ಬಂದೆ ಅಂದನಂತೆ ತಕಾಚ್. 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ 600ಕ್ಕೆ 580 ಅಂಕ, ವಿಶ್ವದಾಖಲೆ, ಚಿನ್ನ. ಬೆಳ್ಳಿ ಪಡೆದ ವಾಲಿಯೆಂತೆ, ಸಾಕಷ್ಟು ಕಲಿತಿರಿ ಬಿಡಿ ಅಂದು ಕೈಕುಲುಕಿದನಂತೆ. 1952ರ ಹೆಲ್ಸಿಂಕಿಯಲ್ಲಿ 579, ಮತ್ತೆ ಚಿನ್ನ.

ಎಂಥ ಮನುಷ್ಯ! ಆದರೆ ಕೇಳುಗರೇ, ತಕಾಚ್ ಕೈ ಬದಲಿಸಿದ್ದು ಬಲಗೈ ಹೋದದ್ದರಿಂದ. ಕ್ಲಬ್ಬಿನ ಕಪಾಟಿನಲ್ಲಿ ಎಡಗೈಯ ಹಿಡಿಕೆ ಇಲ್ಲ ಅನ್ನುವ ಕಾರಣಕ್ಕೆ ಅಲ್ಲ. ಎರಡೂ ಕೈ ನೆಟ್ಟಗಿರುವ ಮಗುವಿಗೆ ಅವನ ಕಥೆ ಹೇಳಿ ಅವಳ ಒಳ್ಳೆಯ ಕೈಯನ್ನು ಬಿಡಿಸುವುದು ನನಗೇಕೋ ಸರಿಕಾಣಲಿಲ್ಲ. ನನ್ನ ಎರಡನೇ ತರಗತಿಯ ಮೇಷ್ಟ್ರು ಕೂಡ ಯಾವುದೋ ಮಹಾಪುರುಷನ ಕಥೆ ಹೇಳಿಯೇ ಸ್ಕೇಲು ಎತ್ತಿಕೊಂಡಿದ್ದರು.

ಹೇಳುವುದಾದರೆ ಅವಳದೇ ಜಿಲ್ಲೆಯ ಕಥೆ ಇದೆಯಲ್ಲ. ನಮ್ಮ ಮೆಟ್ರೊದ ನೇರಳೆ ಮಾರ್ಗದ ಕೊನೆಯಲ್ಲಿ ಬಲ್ಲಭಗಢವಿದೆ. ಮನೀಶ್ ನರ್ವಾಲ್ ಆ ಊರಿನವರು. ಹುಟ್ಟಿನಿಂದಲೇ ಬಲಗೈ ಊನ, ಪಿಸ್ತೂಲು ಹಿಡಿದದ್ದು ಎಡಗೈಯಲ್ಲಿ. ಚಿಕ್ಕಂದಿನಲ್ಲಿ ಫುಟ್‌ಬಾಲಿನ ಹುಚ್ಚು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸಿನ 50 ಮೀಟರ್ ಪಿಸ್ತೂಲಿನಲ್ಲಿ 19ನೇ ವಯಸ್ಸಿಗೆ ಚಿನ್ನ ಗೆದ್ದರು, ಬೆಳ್ಳಿಯೂ ನಮ್ಮದೇ, ಸಿಂಗ್‌ರಾಜ್ ಅಧಾನಾ ಅವರದು. 2024ರ ಪ್ಯಾರಿಸ್ಸಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಮನೀಶ್‌ಗೆ ಬೆಳ್ಳಿ. ಎಡಗೈಯ ಹಿಡಿಕೆ ಈ ಭಾಗದಲ್ಲಿ ಯಾರೂ ಕಂಡಿಲ್ಲದ ವಸ್ತುವೇನಲ್ಲ ಅಂತ ಆ ತಾಯಿಗೆ ಹೇಳಿದೆ. ದೊಡ್ಡ ರೇಂಜಿಗೆ ಹೋಗಿ ಹಿರಿಯ ಎಡಚ ಶೂಟರುಗಳನ್ನು ವಿಚಾರಿಸಿ ಎಂದೂ ಹೇಳಿದೆ. ದೆಹಲಿಯವರಿಗೆ ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜ್ ಇದೆ, ಪುಣೆಯ ಕೇಳುಗರಿಗೆ ಬಾಲೇವಾಡಿ, ಮುಂಬೈಯವರಿಗೆ ವರ್ಲಿ.

ಹತ್ತು ದಿನ ಸುದ್ದಿಯಿಲ್ಲ. ಹೋದ ಶನಿವಾರ ಅವರೇ ಕರೆ ಮಾಡಿದರು. ಒಬ್ಬ ಹಿರಿಯ ಶೂಟರು ತಮ್ಮ ಹಳೆಯ ಎಡಗೈ ಹಿಡಿಕೆಯನ್ನು ಎರವಲು ಕೊಟ್ಟಿದ್ದಾರಂತೆ, ಕೇಂದ್ರದ ಒಂದು ಪಿಸ್ತೂಲಿಗೆ ಅದು ಕೂರುತ್ತದಂತೆ. "ಬಂದು ನೋಡ್ತೀರಾ ಸರ್?" ಅಂದರು. ಹೋದೆ. ಹಿಡಿಕೆ ದೊಡ್ಡವರ ಅಳತೆಯದು, ಹುಡುಗಿಯ ಅಂಗೈಗೆ ಇನ್ನೂ ಸಡಿಲ. ತರಬೇತುದಾರರು ಅಲೆನ್ ಕೀ ಹಿಡಿದು ಬಂದು ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದರು. ನಾನು ಗಡಿಯಾರ ನೋಡಿಕೊಂಡೆ, ಆರು ನಿಮಿಷ. ಅವರು ಕೆಟ್ಟವರಲ್ಲ. "ಇಪ್ಪತ್ತು ಮಕ್ಕಳಿಗೆ ನಾಲ್ಕು ಪಿಸ್ತೂಲು, ಒಂದನ್ನು ಒಬ್ಬಳಿಗೇ ಕಟ್ಟಿಹಾಕಿದರೆ ಉಳಿದವರು ಕೇಳುತ್ತಾರೆ" ಅಂದರು. ಅದೂ ನಿಜವೇ. ಸದ್ಯಕ್ಕೆ ವಾರಕ್ಕೆ ಎರಡು ದಿನ, ಕೊನೆಯ ಒಂದು ತಾಸು ಅವಳಿಗೆ ಅಂತ ಒಪ್ಪಂದವಾಗಿದೆ. ಅಪ್ಪ ಸ್ವಂತ ಹಿಡಿಕೆಗೆ ಹಣ ಕೂಡಿಸುತ್ತಿದ್ದಾರೆ.

ಒಂದು ಸಂಗತಿ ನನ್ನನ್ನು ನಗಿಸಿತು. ಪಿಸ್ತೂಲಿನವರು ಗುರಿಗೆ ಪಕ್ಕ ಕೊಟ್ಟು ನಿಲ್ಲುತ್ತಾರೆ. ಬಲಗೈಯವರ ಮುಖ, ಎದೆ ಎಲ್ಲ ಎಡಕ್ಕೆ, ಹಾಗಾಗಿ ಸಾಲಿನಲ್ಲಿ ಎಲ್ಲರಿಗೂ ಕಾಣುವುದು ಮುಂದಿನವನ ಬೆನ್ನು. ಎಡಚಿ ನಿಂತಾಗ ಮಾತ್ರ ಅವಳ ಮುಖ ಬಲಕ್ಕೆ. ಪಕ್ಕದ ಹುಡುಗನಿಗೆ ಎದುರಾಎದುರು! ಮೊದಲ ಎರಡು ಗುಂಡು ಇಬ್ಬರೂ ನಗು ತಡೆಯಲಾರದೆ ಎಲ್ಲಿಗೋ ಹೊಡೆದರು. ಆಮೇಲೆ ಅವಳನ್ನು ಸಾಲಿನ ಬಲತುದಿಯ ಜಾಗಕ್ಕೆ ಕಳಿಸಿದರು, ಅಲ್ಲಿ ಎದುರಿಗೆ ಬರೀ ಗೋಡೆ. ಮೊದಲ ಹತ್ತು ಗುಂಡಿಗೆ 71 ಬಂತು. ಬಲಗೈಯಲ್ಲಿ ಎರಡು ತಿಂಗಳು ಕಲಿತ ಮೇಲೆ 74 ಬರುತ್ತಿತ್ತಂತೆ. ತಾಯಿ ನನ್ನ ಮುಖ ನೋಡಿದರು. ಹುಡುಗಿ ಮಾತ್ರ ನಮ್ಮಿಬ್ಬರ ಕಡೆ ತಿರುಗದೆ, ಬಲಗೈಯಿಂದ ಸನ್ನೆ ಎಳೆದು ಹನ್ನೊಂದನೆಯ ಗುಂಡು ಹಾಕುತ್ತಿದ್ದಳು.

ನಿಮ್ಮ ಮನೆಯಲ್ಲೂ ಶೂಟಿಂಗ್ ಕಲಿಯುವ ಎಡಚ ಮಕ್ಕಳಿದ್ದರೆ, ಅಥವಾ ಬಳಸದೆ ಬಿದ್ದಿರುವ ಸಣ್ಣ ಅಳತೆಯ ಎಡಗೈ ಹಿಡಿಕೆ ಇದ್ದರೆ, ನಮಗೊಂದು ಪತ್ರ ಬರೆಯಿರಿ, ಆ ತಾಯಿಗೆ ತಲುಪಿಸುತ್ತೇನೆ. ಮುಂದಿನ ಭಾನುವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ.